ಜೀವಕಣಗಳ ಬಂಧನವೂ ಸ್ತನಾರ್ಬುದವೂ

ಮನೆಯ ಗೋಡೆಯು ಇಟ್ಟಿಗೆಗಳಿಂದ ಮಾತ್ರ ನಿಲ್ಲುವದಿಲ್ಲ. ಅವುಗಳ ನಡುವೆ ಗಾರೆಯು ಬೇಕು. ನಮ್ಮ ಶರೀರದ ಜೀವಕಣಗಳ ವಿಷಯವೂ ಹೀಗೆಯೇ. ಶಾಲೆಯ ಸೂಕ್ಷ್ಮದರ್ಶಕ ಯಂತ್ರದಲ್ಲಿ ಈರುಳ್ಳಿಯ ಪೊರೆಯನ್ನು ನೋಡಿದ ಹಳೆಯ ವಿದ್ಯಾರ್ಥಿನಿಯರಿಗೆ ಅದರ ಕಣಗಳ ಸಾಲು ನೆನಪಿರಬಹುದು. ಸಸ್ಯಗಳ ಕಣಗಳಿಗೆ ಗಟ್ಟಿಯಾದ ಭಿತ್ತಿಯುಂಟು. ನಮ್ಮ ಕಣಗಳಿಗೆ ಅದಿಲ್ಲ. ಇವುಗಳ ಹೊರಪೊರೆಯಿಂದ ಚಾಚಿಕೊಂಡಿರುವ ಕೆಲವು ಪ್ರೋಟೀನುಗಳು ನೆರೆಯ ಕಣದ ಅಂಥವೇ ಪ್ರೋಟೀನುಗಳನ್ನು ಹಿಡಿದುಕೊಳ್ಳುತ್ತವೆ. ಸ್ತನಾರ್ಬುದದ ನಡತೆಯಲ್ಲಿ ಈ ಹಿಡಿತಕ್ಕೆ ದೊಡ್ಡ ಪಾಲುಂಟಾದ್ದರಿಂದ ಹೆಂಗಸರಾದ ನಾವು ಇದನ್ನು ತಿಳಿದಿರುವದು ಅವಶ್ಯ.

ಇದು ತಿಳಿದುಬಂದ ಬಗೆಯು ಸ್ವಾರಸ್ಯವಾದದ್ದು. ಜಪಾನಿನ ಮಸಾತೋಶಿ ತಾಕೇಯಿಚಿ ಎಂಬ ವಿದ್ವಾಂಸರು 1970ರ ದಶಕದಲ್ಲಿ ಅಮೇರಿಕದ ಬಾಲ್ಟಿಮೋರ್ ಪಟ್ಟಣದ ಕಾರ್ನೆಗೀ ಸಂಸ್ಥೆಯ ಪ್ರಯೋಗಶಾಲೆಗೆ ಹೋಗಿದ್ದರು. ಕ್ಯೋಟೋ ನಗರದಲ್ಲಿ ಟ್ರಿಪ್ಸಿನ್ ಎಂಬ ಪಾಚಕದಿಂದ ಅವರು ಬಿಡಿಸಿದ ಕಣಗಳು ಪುನಃ ಒಟ್ಟುಗೂಡುತ್ತಿದ್ದವು. ಬಾಲ್ಟಿಮೋರಿನಲ್ಲಿ ಬಿಡಿಸಿದವು ಬಿಡಿಬಿಡಿಯಾಗಿಯೇ ಉಳಿದವು. ವಿಚಾರಿಸಲಾಗಿ, ಅಲ್ಲಿನ ದ್ರಾವಣದಲ್ಲಿ ಕ್ಯಾಲ್ಸಿಯಮನ್ನು ಸೆಳೆದುಕೊಳ್ಳುವ ಪದಾರ್ಥವೊಂದು ಬೆರೆತಿತ್ತು. ಕ್ಯಾಲ್ಸಿಯಂ ಇದ್ದರೆ ಹಿಡಿತದ ಪ್ರೋಟೀನು ಬಿಗಿಯಾಗಿ ನಿಂತು ಟ್ರಿಪ್ಸಿನ್ನಿಗೆ ಜಗ್ಗುವದಿಲ್ಲ, ಇಲ್ಲದಿದ್ದರೆ ತುಂಡಾಗುತ್ತದೆ. ಇದಕ್ಕೆ 1984ರಲ್ಲಿ ಕ್ಯಾಡ್ಹೆರಿನ್ ಎಂಬ ಹೆಸರಾಯಿತು. ಕ್ಯಾಲ್ಸಿಯಮೆಂದರೆ ಸುಣ್ಣದಲ್ಲಿರುವ ಧಾತುವೇ. ಆದಕಾರಣ ಗಾರೆಯ ಹೋಲಿಕೆಯು ಇಲ್ಲಿ ಚೆನ್ನಾಗಿ ಹೊಂದುತ್ತದೆ. ಹಾಗೆಂದು ಎಲೆಯಡಿಕೆಗೆ ಸುಣ್ಣವನ್ನು ಹೆಚ್ಚಾಗಿ ಸವರಿದರೆ ಕಣಗಳು ಬಲಗೊಂಡಾವೆಂದು ಯಾರೂ ಎಣಿಸಬಾರದು. ಅಡಿಕೆಯು ಬಾಯಿಯ ಅರ್ಬುದಕ್ಕೆ ಕಾರಣವಾಗುವಂಥದು.

ಸ್ತನದಲ್ಲಿ ಹಾಲಿನ ನಾಳಗಳನ್ನೂ ಹಾಲಿನ ಗೊಂಚಲುಗಳನ್ನೂ ಆವರಿಸಿರುವ ಕಣಗಳು ಇ-ಕ್ಯಾಡ್ಹೆರಿನ್ ಎಂಬ ಜಾತಿಯಿಂದ ಬಂಧಿತವಾಗಿವೆ. ಇದನ್ನು ನಿರ್ಮಿಸುವ ಜೀನು 16ನೆಯ ವರ್ಣತಂತುವಿನಲ್ಲಿದೆ. ಆ ಜೀನು ಕೆಟ್ಟರೆ ಬಂಧನವು ಸಡಿಲುತ್ತದೆ. ಲಾಬ್ಯುಲರ್ ಎಂದು ವೈದ್ಯರು ಕರೆಯುವ ಸ್ತನಾರ್ಬುದದಲ್ಲಿ ಸಾಮಾನ್ಯವಾಗಿ ಆಗುವದು ಇದೇ. ನೂರು ಸ್ತನಾರ್ಬುದಗಳಲ್ಲಿ ಸುಮಾರು 10ರಿಂದ 15 ಈ ಬಗೆಯವು. ಇದರ ಕಣಗಳು ಗುಂಪುಗೂಡದೆ, ಇರುವೆಗಳಂತೆ ಒಂದರ ಹಿಂದೊಂದು ಸಾಲಾಗಿ ಸ್ತನದ ಅಂಗಾಂಶದೊಳಗೆ ನುಸುಳುತ್ತವೆ. ಬಯಾಪ್ಸಿಯ ತುಣುಕಿಗೆ ಇ-ಕ್ಯಾಡ್ಹೆರಿನ್ನನ್ನು ಗುರುತಿಸುವ ಬಣ್ಣವನ್ನು ಕೊಟ್ಟಾಗ, ನಾಳದ ಅರ್ಬುದದ ಕಣಗಳ ಸುತ್ತಲೂ ಸಾಮಾನ್ಯವಾಗಿ ಕಂದುಗೆರೆಯು ಕಾಣುತ್ತದೆ; ಲಾಬ್ಯುಲರ್ ಬಗೆಯಲ್ಲಿ ಬಹಳ ಮಟ್ಟಿಗೆ ಕಾಣುವದಿಲ್ಲ.

ಇದರಲ್ಲಿ ಅಪಾಯವೇನಂದರೆ, ಕಣಗಳು ಕೂಡಿಕೊಂಡಿರದ ಕಾರಣ ಅನೇಕವೇಳೆ ಗಟ್ಟಿಯಾದ ಗಂಟು ಕೈಗೆ ಸಿಕ್ಕುವದಿಲ್ಲ. ಮ್ಯಾಮೋಗ್ರಾಂ ಚಿತ್ರದಲ್ಲಿಯೂ ಅದು ತಪ್ಪಿಹೋಗಬಹುದು. ಗಂಟಿಲ್ಲವೆಂದು ನಿಶ್ಚಿಂತೆಯಿಂದಿರುವ ತಾಯಂದಿರು ಬಹಳ. ಸ್ತನದ ಒಂದು ಭಾಗವು ದಪ್ಪವಾಗುವದು, ಚರ್ಮವು ಗುಳಿಬೀಳುವದು, ತೊಟ್ಟು ಹೊಸದಾಗಿ ಒಳಸೇರುವದು, ಇವುಗಳಲ್ಲಿ ಯಾವದನ್ನು ಕಂಡರೂ ನಾಚಿಕೆಯಿಂದ ಮರೆಮಾಡದೆ ವೈದ್ಯರಿಗೆ ತೋರಿಸತಕ್ಕದ್ದು.

ಈ ಜೀನಿನ ದೋಷವು ಕೆಲವು ಕುಟುಂಬಗಳಲ್ಲಿ ವಂಶಪಾರಂಪರ್ಯವಾಗಿಯೂ ಬರುತ್ತದೆ. ನ್ಯೂಜಿಲೆಂಡಿನ ಮಾವೋರಿ ಕುಟುಂಬಗಳಲ್ಲಿ ಜಠರದ ಅರ್ಬುದಕ್ಕೆ ಅದೇ ಕಾರಣವೆಂದು 1998ರಲ್ಲಿ ಗೊತ್ತಾಯಿತು. ಅದನ್ನು ಪಡೆದ ಸ್ತ್ರೀಯರಿಗೆ ಲಾಬ್ಯುಲರ್ ಸ್ತನಾರ್ಬುದದ ಭಯವೂ ಹೆಚ್ಚು.

ಹಾಗಾದರೆ ಬಂಧನವು ಯಾವಾಗಲೂ ಹಿತವೋ? ಇಷ್ಟು ಸುಲಭವಾಗಿ ಹೇಳಲಾಗದು. ನಾಳದ ಅರ್ಬುದಗಳಲ್ಲಿ ಹೆಚ್ಚಿನವು ಇ-ಕ್ಯಾಡ್ಹೆರಿನ್ನನ್ನು ಉಳಿಸಿಕೊಂಡೇ ದೂರದ ಅಂಗಗಳಿಗೆ ಹರಡುತ್ತವೆ. 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇಂಥ ಅರ್ಬುದವುಳ್ಳ ಇಲಿಗಳ ಕಣಗಳಿಂದ ಆ ಪ್ರೋಟೀನನ್ನು ತೆಗೆಯಲಾಗಿ, ಕಣಗಳು ಸುತ್ತಲೂ ಹೆಚ್ಚಾಗಿ ನುಗ್ಗಿದವು. ಆದರೆ ಬಹಳ ಕಣಗಳು ಸತ್ತು, ದೂರ ಹೋಗಿ ನೆಲೆಗೊಂಡವು ಕಡಿಮೆಯಾದವು. ಒಂದನ್ನೊಂದು ಹಿಡಿದುಕೊಂಡ ಕಣಗಳು ಪ್ರಯಾಣದಲ್ಲಿ ಒಂದಕ್ಕೊಂದು ಆಸರೆಯಾಗಿದ್ದವೆಂದು ನಾವು ಇದರಿಂದ ಊಹಿಸಬಹುದು. ಆದ್ದರಿಂದ ಈ ಪ್ರೋಟೀನನ್ನು ಹೆಚ್ಚಿಸುವದೇ ಚಿಕಿತ್ಸೆಯೆನ್ನುವದಕ್ಕಾಗಲಿ ಕುಂದಿಸುವದೇ ಚಿಕಿತ್ಸೆಯೆನ್ನುವದಕ್ಕಾಗಲಿ ಆಧಾರವಿಲ್ಲ. ಸದ್ಯಕ್ಕೆ ಸಮಾಧಾನದ ಮಾತು ಬೇರೊಂದುಂಟು: ಲಾಬ್ಯುಲರ್ ಅರ್ಬುದಗಳಲ್ಲಿ ಹೆಚ್ಚಿನವು ಈಸ್ಟ್ರೋಜನ್ ಎಂಬ ಸ್ತ್ರೀರಸದಿಂದ ಪೋಷಿತವಾಗುವದರಿಂದ, ಆ ರಸವನ್ನು ತಡೆಯುವ ಔಷಧಗಳು ಅವುಗಳ ಮೇಲೆ ಕೆಲಸಮಾಡುತ್ತವೆ.