ಪರದೆಯ ಮೇಲೊಂದು ಚುಕ್ಕೆ

ಹೊಸ ಲ್ಯಾಪ್‌ಟಾಪ್ ಮನೆಗೆ ಬಂದ ದಿನವೇ ಅದರ ಪರದೆ ಪರೀಕ್ಷಿಸಿಬಿಡಿ. ಕುಂಕುಮ ಹಚ್ಚುವುದು ಆಮೇಲೆ. ಕಪ್ಪು, ಬಿಳಿ, ಕೆಂಪು, ಹಸಿರು, ನೀಲಿ ಬಣ್ಣಗಳನ್ನು ಒಂದಾದ ಮೇಲೊಂದು ಪರದೆ ತುಂಬ ತೆರೆದು ನೋಡಿದರೆ ಸಾಕು. ಬಿಳಿಯ ಮೇಲೂ ಕಪ್ಪಾಗಿಯೇ ಉಳಿಯುವ ಚುಕ್ಕೆ ಸತ್ತ ಪಿಕ್ಸೆಲ್; ಕಪ್ಪಿನ ಮೇಲೂ ಬಣ್ಣವಾಗಿ ಹೊಳೆಯುವುದು ಸಿಕ್ಕಿಕೊಂಡ ಪಿಕ್ಸೆಲ್. ಎರಡನೆಯದು ಕೆಲವೊಮ್ಮೆ ತಾನಾಗಿಯೇ ಸರಿಹೋಗುತ್ತದೆ. ಬೆರಳಿನಿಂದ ಒತ್ತಿ ಸರಿಮಾಡುವ ಯೂಟ್ಯೂಬ್ ವೈದ್ಯ ಮಾತ್ರ ಬೇಡ.

ಇಲ್ಲೊಂದು ತೊಡಕಿದೆ. ಫುಲ್ ಎಚ್‌ಡಿ ಪರದೆಯಲ್ಲಿ 20,73,600 ಪಿಕ್ಸೆಲ್‌ಗಳಿರುತ್ತವೆ. ಒಂದೆರಡು ಕೆಟ್ಟರೆ ಅದು ದೋಷವೇ ಅಲ್ಲ ಎನ್ನುವ ಕಂಪನಿಗಳೂ ಉಂಟು. ಎಷ್ಟನ್ನು ಸಹಿಸಬೇಕೆಂಬುದು ವಾರಂಟಿಯ ಸಣ್ಣಕ್ಷರಗಳಲ್ಲಿ ಅಡಗಿರುತ್ತದೆ. ಅಂಗಡಿ ಬದಲಿ ಕೊಡುವ ಅವಧಿ ಬೇರೆ, ಕಂಪನಿಯ ವಾರಂಟಿ ಬೇರೆ. ಮೊದಲನೆಯದು ಕೆಲವೇ ದಿನ. ಅದು ಮುಗಿದರೆ ಸಾಮಾನ್ಯವಾಗಿ ರಿಪೇರಿಯೇ ಗತಿ.

ಗೆರೆಯೋ ಮಿನುಗೋ ಕಂಡರೆ ಎಚ್‌ಡಿಎಂಐ ಕೇಬಲ್ಲಿನಿಂದ ಟಿವಿಗೆ ಜೋಡಿಸಿ. ಅಲ್ಲಿ ಚಿತ್ರ ಸರಿಯಿದ್ದರೆ ದೋಷ ಬಹುಮಟ್ಟಿಗೆ ಪರದೆಯದ್ದು, ಇಲ್ಲವೇ ಅದರ ಒಳತಂತಿಯದ್ದು. ಕಂಪನಿಗೆ ದೂರು ಕೊಡುವಾಗ ಸ್ಕ್ರೀನ್‌ಶಾಟ್ ಕಳಿಸಬೇಡಿ, ಪರದೆಯ ದೋಷ ಅದರಲ್ಲಿ ಮೂಡುವುದೇ ಇಲ್ಲ. ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಬಿಲ್ಲು, ಡಬ್ಬ ಜೋಪಾನ. ಫೋನಿನಲ್ಲಿ ಹೇಳಿ ಸುಮ್ಮನಾಗದೆ ಇಮೇಲ್ ಮಾಡಿ, ದೂರಿನ ಸಂಖ್ಯೆ ಕೇಳಿ ಪಡೆಯಿರಿ. ಆಗಲೂ ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವೂ ಇಲ್ಲ.