ನೀನಿಲ್ಲದಾಗಲೂ ಏಳಬೇಕು

ತಮ್ಮಾ, ಆಫೀಸಿನ ಹೊಸ ಸರ್ವರ್ ಚಾಲೂ ಆಯಿತು, ಮೊಬೈಲಿನಲ್ಲೂ ಪೇಜ್ ತೆರೆಯಿತು ಅಂತ ಫೋನ್ ಮಾಡಿದೆಯಲ್ಲ, ಖುಷಿಯಾಯಿತು. ಆದರೆ ಅರ್ಧ ಕೆಲಸ ಇನ್ನೂ ಬಾಕಿ ಇದೆ. ಎದುರಿಗೆ ಕೂತು ಎಬ್ಬಿಸಿದರೆ ಯಾವ ಯಂತ್ರವೂ ಏಳುತ್ತದೆ. ನಮ್ಮ ಹಳ್ಳಿಖೇಡ (ಬಿ)ದಲ್ಲಿ ನೋಡಬೇಕಾದದ್ದು, ನೀನಿಲ್ಲದಾಗ ಅದು ತಾನಾಗಿ ಏಳುತ್ತದೋ ಇಲ್ಲವೋ ಅನ್ನುವುದನ್ನು.

ಮಿರಗದ ಗಾಳಿ ನಿನಗೆ ಗೊತ್ತೇ ಇದೆ. ಸಂಜೆ ಹೋದ ಕರೆಂಟ್ ನಸುಕಿಗೆ ಬರುತ್ತದೆ. ಅಷ್ಟರಲ್ಲಿ ಯುಪಿಎಸ್ ಕೂಗಿ ಕೂಗಿ ಸುಮ್ಮನಾಗಿರುತ್ತದೆ. ಬೆಳಿಗ್ಗೆ ಪಹಣಿ, ಆಧಾರ್ ಹಿಡಿದು ಬಂದವರಿಗೆ ‘ಸರ್ವರ್ ಡೌನ್’ ಅಂದುಬಿಡುವುದು ಸುಲಭ. ಕೇಳಿಸಿಕೊಂಡವನ ಒಂದು ದಿನದ ಕೂಲಿ ಹೋಗಿರುತ್ತದೆ.

2000ರ ಸುಮಾರಿಗೆ ಭೂಮಿ ಯೋಜನೆ ಬಂದಾಗ ಹುಮನಾಬಾದ್, ಬಸವಕಲ್ಯಾಣವೂ ಸೇರಿ 177 ತಾಲ್ಲೂಕುಗಳ ತಹಶೀಲ್ ಕಚೇರಿಯಲ್ಲೇ ಸರ್ವರ್ ಇಟ್ಟು, ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದರು. ಆಮೇಲೆ ಅವೆಲ್ಲ ಬೆಂಗಳೂರಿನ ಡೇಟಾ ಸೆಂಟರ್ ಸೇರಿದವು. ಅಂಥ ಕಡೆ ಜನರೇಟರ್ ಇರುತ್ತದೆ, ಹಗಲಿರುಳು ನೋಡುವವರಿರುತ್ತಾರೆ. ನಿನ್ನ ಪೆಟ್ಟಿಗೆಗೆ ನೀನೊಬ್ಬನೇ.

ಮೊದಲು ಬಯೋಸ್‌ಗೆ ಹೋಗಿ, ಕರೆಂಟ್ ಬಂದೊಡನೆ ತಾನೇ ಆನ್ ಆಗುವ ಸೆಟ್ಟಿಂಗ್ ಹಾಕು. ಬಹಳ ಜನ ಮರೆಯುವುದು ಇದನ್ನೇ. ಲಿನಕ್ಸ್‌ನಲ್ಲಿ ‘ಸ್ಟಾರ್ಟ್’ ಕೊಟ್ಟರೆ ಸರ್ವಿಸ್ ಈಗ ಓಡುತ್ತದೆ, ಅಷ್ಟೇ. ‘ಎನೇಬಲ್’ ಕೊಟ್ಟರೇನೇ ಮುಂದಿನ ಬೂಟ್‌ಗೂ ಓಡುವುದು. ಐಪಿ ವಿಳಾಸ ಸ್ಥಿರವಾಗಿರಲಿ. ಇನ್ನೊಂದು ತೊಡಕಿದೆ: ರೌಟರ್‌ಗಿಂತ ಸರ್ವರ್ ಬೇಗ ಎದ್ದರೆ, ನಿನ್ನ ಪ್ರೋಗ್ರಾಂ ಇನ್ನೂ ಬಾರದ ನೆಟ್‌ವರ್ಕ್ ಹುಡುಕಿ, ಸಿಗದೆ ಸತ್ತುಬಿಡುತ್ತದೆ. ಆಮೇಲೆ ನೆಟ್ ಬಂದರೂ ಏಳುವುದಿಲ್ಲ. ನೆಟ್‌ವರ್ಕ್ ಮತ್ತು ಡೇಟಾಬೇಸ್ ಎದ್ದ ಮೇಲೆಯೇ ಏಳು, ಬಿದ್ದರೆ ಕೆಲವು ಸೆಕೆಂಡ್ ತಡೆದು ಮತ್ತೆ ಏಳು ಅಂತ ಸರ್ವಿಸ್ ಫೈಲಿನಲ್ಲೇ ಬರೆದಿಡು.

ಸರ್ವಿಸ್ ಓಡುತ್ತಿದೆ, ಆದರೂ ಹೊರಗಿನಿಂದ ಸಿಗುತ್ತಿಲ್ಲ ಅನ್ನಿಸಿದರೆ ಫೈರ್‌ವಾಲ್ ಬೈಯುವ ಮೊದಲು ಯಾವ ವಿಳಾಸದಲ್ಲಿ ಕೇಳುತ್ತಿದೆ ನೋಡು. 127.0.0.1 ಅಂತಿದ್ದರೆ ಅದು ತನ್ನೊಳಗಿನ ಮಾತನ್ನಷ್ಟೇ ಕೇಳುತ್ತಿದೆ. ಮನೆಯಿಂದ ಫೈರ್‌ವಾಲ್ ಬದಲಿಸುವುದಾದರೆ ಎಸ್‌ಎಸ್‌ಎಚ್‌ನ ಎರಡನೆಯ ಕಿಟಕಿ ತೆರೆದಿಟ್ಟುಕೋ. 22ನೇ ಪೋರ್ಟ್ ನೀನೇ ಮುಚ್ಚಿಕೊಂಡರೆ ರಾತ್ರಿ ಗಾಡಿ ತೆಗೆದು ಆಫೀಸಿಗೇ ಹೋಗಬೇಕಾಗುತ್ತದೆ. ಡೇಟಾಬೇಸಿನ ಪೋರ್ಟ್ ಮಾತ್ರ ಹೊರಗೆ ಬಿಡಲೇಬೇಡ, ಯಾರು ಕೇಳಿದರೂ.

ಮದರ್‌ಬೋರ್ಡಿನ ಮೇಲೆ ರೂಪಾಯಿ ಬಿಲ್ಲೆಯಂಥ ಸೆಲ್ ಇರುತ್ತದೆ, ಸಾಮಾನ್ಯವಾಗಿ ಸಿಆರ್2032. ಅದು ಮುಗಿದಿದ್ದರೆ ಕರೆಂಟ್ ಹೋದಾಗಲೆಲ್ಲ ಗಡಿಯಾರ ಹಳೆಯ ತಾರೀಖಿಗೆ ಹಾರುತ್ತದೆ. ಆಗ ನಿನ್ನ ಸರ್ವರ್ ಬ್ಯಾಂಕಿನ ಸರ್ವರ್ ಜೊತೆ ಮಾತಾಡಲು ಹೋದರೆ, ಆ ಕಡೆಯ ಸರ್ಟಿಫಿಕೇಟ್ ಇನ್ನೂ ಚಾಲ್ತಿಗೇ ಬಂದಿಲ್ಲ ಅಂತ ಇದೇ ಮುಖ ತಿರುಗಿಸುತ್ತದೆ. ದಿನವಿಡೀ ನೆಟ್‌ವರ್ಕ್ ತಡಕಾಡಿದರೂ ಕಾರಣ ಸಿಗುವುದಿಲ್ಲ. ಎನ್‌ಟಿಪಿ ಹಾಕು, ಸೆಲ್ಲನ್ನೂ ಬದಲಿಸು. ಎಷ್ಟು ಮಹಾ ಖರ್ಚು!

ಇಷ್ಟಾದ ಮೇಲೆ ಒಂದು ಭಾನುವಾರ ಸಾಹೇಬರನ್ನು ಕೇಳಿ, ಬ್ಯಾಕಪ್ ತೆಗೆದು, ಸರ್ವರನ್ನು ಕ್ರಮವಾಗಿ ಶಟ್‌ಡೌನ್ ಮಾಡಿ, ಯುಪಿಎಸ್, ರೌಟರ್ ಎಲ್ಲದರ ಸ್ವಿಚ್ ಆರಿಸು. ಯುಪಿಎಸ್, ರೌಟರ್ ಸ್ವಿಚ್ ಮತ್ತೆ ಹಾಕಿ ಹೊರಗೆ ಹೋಗಿ ಚಹಾ ಕುಡಿ. ಕೀಬೋರ್ಡ್ ಮುಟ್ಟದೆ ಮೊಬೈಲ್ ಡೇಟಾದಲ್ಲಿ ಪೇಜ್ ತೆರೆದರೆ ಸರಿ. ಮಾಡಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ತಾರೀಖು ಸಮೇತ ಬರೆದು ಸರ್ವರ್ ಪಕ್ಕದಲ್ಲೇ ಇಡು. ಪಾಸ್‌ವರ್ಡ್ ಮಾತ್ರ ಅದರಲ್ಲಿ ಬರೆಯಬೇಡ.