ಗಾಂಜಾ: ದುಷ್ಪರಿಣಾಮಗಳು ಮತ್ತು ಕಾನೂನು

ಪೀಠಿಕೆ:

 

ಪ್ರತಿ ವರ್ಷ ಜೂನ್ 26ನ್ನು ಮಾದಕ ವಸ್ತು ವಿರೋಧಿ ದಿನ ಎಂದು ಆಚರಿಸುತ್ತಾರೆ. ವಿಶ್ವಸಂಸ್ಥೆಯು 1987ರಲ್ಲಿ ಈ ದಿನವನ್ನು ಗೊತ್ತು ಮಾಡಿತು. ಆ ದಿನ ನಾವು ಘೋಷಣೆ ಕೂಗಿಕೊಂಡು ಊರು ಸುತ್ತಿ ಬರ್ತೀವಿ. ಮನೆಗೆ ಹೋದ ಮೇಲೆ ಮರೆತುಬಿಡ್ತೀವಿ. ಹೋದ ವರ್ಷ ಮಾತ್ರ ನಾನು ಮರೆಯಲಿಲ್ಲ. ಯಾಕೆಂದರೆ ಆಗ ನಮ್ಮ ಮನೆಯಲ್ಲೇ ಈ ಕಷ್ಟ ಇತ್ತು. ಇದನ್ನು ನಮ್ಮ ಮಾವನನ್ನು ಕೇಳಿಯೇ ಬರೆದಿದ್ದೇನೆ. "ನನ್ನ ಹೆಸರು ಬೇಡ, ಸಂಗತಿ ಬರಿ" ಎಂದರು.

ಮಾದಕ ವಸ್ತು ಎಂದರೇನು?

ಮೆದುಳಿನ ಮೇಲೆ ಕೆಲಸ ಮಾಡಿ ಅಮಲು ತರಿಸುವ, ಮತ್ತೆ ಮತ್ತೆ ಬೇಕು ಅನ್ನಿಸುವ ವಸ್ತುವೇ ಮಾದಕ ವಸ್ತು. ಉದಾಹರಣೆಗೆ ಗಾಂಜಾ, ಅಫೀಮು, ಹೆರಾಯಿನ್, ಕೊಕೇನ್. ಕೆಲವು ಔಷಧಿಗಳೂ ಹೀಗೆ ಆಗಬಹುದು. ಅಫೀಮಿನಿಂದ ತೆಗೆಯುವ ಮಾರ್ಫಿನ್ ಅನ್ನು ವೈದ್ಯರು ಕ್ಯಾನ್ಸರ್ ರೋಗಿಗಳ ನೋವಿಗೆ ಕೊಡುತ್ತಾರೆ. ಅದೇ ಮಾರ್ಫಿನ್‌ನಿಂದಲೇ ಹೆರಾಯಿನ್ ಮಾಡುತ್ತಾರೆ.

ನಮ್ಮ ಕಡೆ ಜಾಸ್ತಿ ಕೇಳಿಬರುವುದು ಗಾಂಜಾ. ಆ ಗಿಡದ ಹೂವಿನ ತುದಿಗಳನ್ನು ಒಣಗಿಸಿ, ಬೀಡಿಯಲ್ಲಿ ತುಂಬಿ ಸೇದುತ್ತಾರೆ. ಅದರಲ್ಲಿರುವ ಟಿ.ಎಚ್.ಸಿ. ಎಂಬ ರಾಸಾಯನಿಕ ಅಮಲು ತರಿಸುತ್ತದೆ. "ಗಿಡ ತಾನೆ, ಏನೂ ಆಗಲ್ಲ" ಅಂತ ಕೆಲವರು ಹೇಳ್ತಾರೆ. ಉಮ್ಮತ್ತಿ ಕಾಯಿಯೂ ಗಿಡದ್ದೇ. ಅದನ್ನು ಯಾರಾದರೂ ತಿಂತಾರಾ?

ನಮ್ಮ ಮಾವನ ಸಂಗತಿ:

ಮಾವ 16ನೇ ವಯಸ್ಸಿಗೇ ಗಾರೆ ಕೆಲಸಕ್ಕೆ ಬೆಂಗಳೂರಿಗೆ ಹೋದರು. ಜೊತೆಯವರು "ಒಂದು ದಮ್ಮು ಎಳಿ, ಮೈಕೈ ನೋವು ಗೊತ್ತಾಗಲ್ಲ" ಅಂತ ಕೊಟ್ಟರಂತೆ. ನಾಲ್ಕು ವರ್ಷ ಆದ ಮೇಲೆ ಊರಿಗೆ ಬಂದರು. ರಾತ್ರಿ ನಿದ್ದೆ ಇಲ್ಲ. ಯಾರೋ ಹಿಡಿಯೋಕೆ ಬರ್ತಾವ್ರೆ ಅಂತ ಚಿಲಕ ಹಾಕಿಕೊಂಡು ಕೂರುತ್ತಿದ್ದರು. ಗಾಳಿ ಸೋಕಿದೆ ಅಂತ ಅಜ್ಜಿ ತಾಯತ ಕಟ್ಟಿಸಿದರು. ಆಸ್ಪತ್ರೆಗೆ ಹೋಗೋಣ ಅಂತ ಅವ್ವ ಹೇಳಿದರೆ, "ಅವರು ಪೊಲೀಸ್ನೋರಿಗೆ ಹೇಳ್ಬುಟ್ರೆ ನನ್ನ ಮಗ ಜೈಲಿಗೆ ಹೋಯ್ತಾನೆ" ಎಂದು ಅಜ್ಜಿ ಅಳುತ್ತಿದ್ದರು. ಹೀಗೇ ಮೂರು ತಿಂಗಳು ಕಳೆದುಹೋಯಿತು.

ಆರೋಗ್ಯದ ಮೇಲೆ ಪರಿಣಾಮಗಳು:

1) ನೆನಪಿನ ಶಕ್ತಿ ಮತ್ತು ಗಮನ ಕಡಿಮೆಯಾಗುತ್ತದೆ. ನಮ್ಮ ಮೆದುಳು ಸುಮಾರು 25 ವರ್ಷದವರೆಗೂ ಬೆಳೆಯುತ್ತಿರುತ್ತದೆ. ಆದ್ದರಿಂದ ಚಿಕ್ಕ ವಯಸ್ಸಿನವರಿಗೆ ಅಪಾಯ ಹೆಚ್ಚು, ಚಟವೂ ಬೇಗ ಅಂಟುತ್ತದೆ.
2) ಎದೆ ಬಡಿತ ಜೋರಾಗುತ್ತದೆ. ಹೊಗೆಯಿಂದ ಕೆಮ್ಮು ಮತ್ತು ಶ್ವಾಸಕೋಶದ ತೊಂದರೆ ಬರುತ್ತದೆ.
3) ಕೆಲವರಿಗೆ ಇಲ್ಲದ ಅನುಮಾನ ಹುಟ್ಟುತ್ತದೆ, ಇಲ್ಲದ ಧ್ವನಿ ಕೇಳಿಸುತ್ತದೆ. ಮಾವನಿಗೆ ಆಗಿದ್ದು ಇದೇ. ಅದು ಗಾಳಿ ಅಲ್ಲ, ಕಾಯಿಲೆ.
4) ಅಮಲಿನಲ್ಲಿ ಗಾಡಿ ಓಡಿಸಿದರೆ, ಸಾರುವೆ ಹತ್ತಿದರೆ ಅಪಘಾತ ಆಗುತ್ತದೆ.
5) ಬಿಟ್ಟಾಗ ನಿದ್ದೆ ಬರುವುದಿಲ್ಲ, ಊಟ ಸೇರುವುದಿಲ್ಲ, ಸಿಟ್ಟು ಬರುತ್ತದೆ. ಮೊದಲ ವಾರ ಬಹಳ ಕಷ್ಟ.

ಕಾನೂನು ಏನು ಹೇಳುತ್ತದೆ?

ಆರೋಗ್ಯಕ್ಕೆ ಹಾನಿ ಮಾಡುವ ಮಾದಕ ವಸ್ತುಗಳನ್ನು ಔಷಧಿಗಲ್ಲದೆ ಬಳಸದಂತೆ ತಡೆಯಲು ಸರ್ಕಾರ ಪ್ರಯತ್ನಿಸಬೇಕು ಎಂದು ನಮ್ಮ ಸಂವಿಧಾನದ 47ನೇ ವಿಧಿ ಹೇಳುತ್ತದೆ. ಇದಕ್ಕಾಗಿ ಇರುವ ಮುಖ್ಯ ಕಾನೂನು ಎನ್.ಡಿ.ಪಿ.ಎಸ್. ಕಾಯ್ದೆ, 1985. ಇದು ಜಾರಿಗೆ ಬಂದದ್ದು 1985ರ ನವೆಂಬರ್ 14ರಂದು, ಅಂದರೆ ಮಕ್ಕಳ ದಿನಾಚರಣೆಯ ದಿನವೇ!

1) ಗಾಂಜಾ ಬೆಳೆದರೆ 10 ವರ್ಷದವರೆಗೆ ಕಠಿಣ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ಮೆಣಸಿನಕಾಯಿ, ಅರಿಶಿನದ ಸಾಲಿನ ನಡುವೆ ಬಚ್ಚಿಟ್ಟು ಬೆಳೆದರೂ ಅಷ್ಟೇ. ತನ್ನ ಹೊಲದಲ್ಲಿ ಬೇರೆಯವರು ಬೆಳೆದದ್ದು ಗೊತ್ತಿದ್ದೂ ತಿಳಿಸದಿದ್ದರೆ ಹೊಲದವರಿಗೂ ಶಿಕ್ಷೆ.
2) 1 ಕೆ.ಜಿ.ವರೆಗೆ ಸಿಕ್ಕಿದರೆ 1 ವರ್ಷದವರೆಗೆ ಜೈಲು, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. 20 ಕೆ.ಜಿ.ಗಿಂತ ಹೆಚ್ಚಾದರೆ 10ರಿಂದ 20 ವರ್ಷ ಜೈಲು, ಜೊತೆಗೆ 1ರಿಂದ 2 ಲಕ್ಷ ದಂಡ.
3) ಸೇದಿದವರಿಗೆ 6 ತಿಂಗಳವರೆಗೆ ಜೈಲು, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ.
4) ಮಕ್ಕಳ ಕೈಲಿ ಮಾದಕ ವಸ್ತು ಸಾಗಿಸಿದರೆ ಅಥವಾ ಮಾರಿಸಿದರೆ, ಬಾಲನ್ಯಾಯ ಕಾಯ್ದೆ 2015ರ ಪ್ರಕಾರ 7 ವರ್ಷದವರೆಗೆ ಜೈಲು ಮತ್ತು 1 ಲಕ್ಷದವರೆಗೆ ದಂಡ.

ಆಸ್ಪತ್ರೆಗೆ ಹೋದರೆ ಹಿಡೀತಾರಾ?

ಹೋದ ವರ್ಷ ಜೂನ್ 26ಕ್ಕೆ ನಮ್ಮ ಶಾಲೆಗೆ ಒಬ್ಬರು ವಕೀಲರು ಬಂದಿದ್ದರು. ಕೊನೆಗೆ "ಪ್ರಶ್ನೆ ಇದ್ದರೆ ಕೇಳಿ ಮಕ್ಕಳೇ" ಎಂದರು. ನನಗೆ ಕೈ ನಡುಗುತ್ತಿತ್ತು. ಎದ್ದು ನಿಂತು, "ಸಾರ್, ಸೇದಿದೋರೇ ಆಸ್ಪತ್ರೆಗೆ ಹೋದ್ರೆ ಪೊಲೀಸ್ನೋರು ಹಿಡೀತಾರಾ?" ಎಂದು ಕೇಳಿದೆ. ಯಾರಿಗಾಗಿ ಅಂತ ಹೇಳಲಿಲ್ಲ.

ಅವರು ಹೇಳಿದ ಉತ್ತರ ಇದು: ಅದೇ ಕಾಯ್ದೆಯಲ್ಲಿ 64ಎ ಎಂಬ ಕಲಂ ಇದೆ. ಚಟಕ್ಕೆ ಬಿದ್ದವನು ಸೇದಿದ್ದಕ್ಕೆ ಅಥವಾ ಸಣ್ಣ ಪ್ರಮಾಣ ಇಟ್ಟುಕೊಂಡಿದ್ದಕ್ಕೆ ಕೇಸು ಬಿದ್ದಿದ್ದರೂ, ತಾನಾಗಿಯೇ ಸರ್ಕಾರದ ಅಥವಾ ಸರ್ಕಾರ ಒಪ್ಪಿದ ಆಸ್ಪತ್ರೆಗೆ ಹೋಗಿ ಚಿಕಿತ್ಸೆ ಪಡೆದರೆ ಆ ಕೇಸು ನಡೆಸುವುದಿಲ್ಲ. ಆದರೆ ಚಿಕಿತ್ಸೆ ಪೂರ್ತಿ ಮಾಡಬೇಕು. ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆಯನ್ನು ವಾಪಸ್ ತೆಗೆದುಕೊಳ್ಳಬಹುದು. ದಂಧೆ ಮಾಡುವವರಿಗೆ ಇದು ಇಲ್ಲ.

ನಾನು ನೋಟ್‌ಬುಕ್ಕಿನ ಹಿಂದೆ "64ಎ" ಎಂದು ಬರೆದುಕೊಂಡು ಮನೆಗೆ ಓಡಿದೆ. ಅಜ್ಜಿಗೆ ಮೂರು ಸಲ ಹೇಳಿದೆ. ಆ ವಾರವೇ ಮಾವನನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರು ಬೈಯಲಿಲ್ಲ. ಮೂರು ವಾರ ಅಲ್ಲೇ ಇಟ್ಟುಕೊಂಡರು. ನಡುವೆ ಒಂದು ಸಲ ಮಾವ ಮತ್ತೆ ಸೇದಿಬಿಟ್ಟರು. "ಈ ಕಾಯಿಲೇಲಿ ಹೀಗಾಗೋದು ಉಂಟು, ಚಿಕಿತ್ಸೆ ಬಿಡಬೇಡಿ" ಎಂದು ಡಾಕ್ಟರು ಹೇಳಿದರು. ಈಗ ಮಾವ ಹೊಲದ ಕೆಲಸ ನೋಡಿಕೊಳ್ತಾರೆ. ರಾತ್ರಿ ನಿದ್ದೆ ಮಾಡ್ತಾರೆ. ಬಾಗಿಲ ಚಿಲಕ ಹಾಕಿಕೊಳ್ಳಲ್ಲ.

ಉಪಸಂಹಾರ:

ಮಾರುವವರಿಗೆ ಕಾನೂನು ಕಠಿಣ. ಚಟಕ್ಕೆ ಬಿದ್ದವರಿಗೆ ಅದೇ ಕಾನೂನು ಆಸ್ಪತ್ರೆಯ ಬಾಗಿಲನ್ನೂ ತೆರೆದಿಟ್ಟಿದೆ. ಇದು ಗೊತ್ತಿಲ್ಲದೆ ನಾವು ಹೆದರಿ ಮೂರು ತಿಂಗಳು ಕಳೆದೆವು. ನೀವು ಹಾಗೆ ಮಾಡಬೇಡಿ. ಯಾರಾದರೂ "ಈ ಪೊಟ್ಟಣ ಅಲ್ಲಿ ಕೊಟ್ಟು ಬಾ, ದುಡ್ಡು ಕೊಡ್ತೀನಿ" ಅಂದರೆ ಮುಟ್ಟಬೇಡಿ, ಮೇಷ್ಟ್ರಿಗೆ ಹೇಳಿ. ಮಾವ ಹೇಳುವ ಮಾತು: "ಮೊದಲನೇ ದಮ್ಮು ಶತ್ರು ಕೊಡಲ್ಲ, ಜೊತೆಗಾರನೇ ಕೊಡೋದು. ಅಲ್ಲೇ ಬೇಡ ಅನ್ನಬೇಕು."

ನೆನಪಿಡಿ: ಚಟ ಬಿಡಿಸಲು ಉಚಿತ ಸಹಾಯವಾಣಿ 14446. ಮಕ್ಕಳ ಸಹಾಯವಾಣಿ 1098.

ಗಾಂಜಾ ಬಿಡಿ, ಬಾಳು ಹಿಡಿ!

— 7ನೇ ತರಗತಿ ವಿದ್ಯಾರ್ಥಿನಿ